ಬೀಗ ತೆಗೆಸಿದವನೇ ಬೀಗ ಹಿಡಿದು ನಿಂತಾಗ

ಸೇನೆಯಲ್ಲಿ ಮೇಜರ್ ಅಂದರೆ ನಮ್ಮ ಕಣ್ಣಿಗೆ ಏನು ಬರುತ್ತೆ? ಗಡಿ, ಬಂಕರ್, ಬಂದೂಕು. ಆದರೆ ಇವತ್ತು ನಾನು ಹೇಳ್ತಾ ಇರೋ ಮೇಜರ್ ಕೈಯಲ್ಲಿ ಇದ್ದದ್ದು ಬಂದೂಕಲ್ಲ, ಹಾಕಿ ಸ್ಟಿಕ್. ಆತ ಗೆದ್ದದ್ದು ಯುದ್ಧವನ್ನಲ್ಲ, ಒಲಿಂಪಿಕ್ ಚಿನ್ನವನ್ನ. ಹೆಸರು ವ್ಯಾಚೆಸ್ಲಾವ್ ಫೆಟಿಸೊವ್. ರಷ್ಯಾದವರ ಬಾಯಲ್ಲಿ ಸ್ಲಾವಾ. ಹುಟ್ಟಿದ್ದು 1958ರಲ್ಲಿ, ಮಾಸ್ಕೋದಲ್ಲಿ.

ಇದು ನಾವು ಟಿವಿಯಲ್ಲಿ ನೋಡುವ ಹುಲ್ಲಿನ ಮೇಲಿನ ಹಾಕಿ ಅಲ್ಲ. ಐಸ್ ಹಾಕಿ. ಕಾಲಿಗೆ ಸ್ಕೇಟ್ಸ್ ಕಟ್ಟಿಕೊಂಡು ಹಿಮದ ಹಾಸಿನ ಮೇಲೆ ಜಾರುತ್ತಾ ಆಡುವ ಆಟ. ಚೆಂಡಿನ ಬದಲು ಪಕ್ ಎಂಬ ರಬ್ಬರ್ ಬಿಲ್ಲೆ. ಒಂದು ತಂಡದಿಂದ ಒಂದು ಹೊತ್ತಿಗೆ ಆರು ಜನ. ಒಬ್ಬ ಗೋಲ್‌ಕೀಪರ್, ಮೂವರು ಫಾರ್ವರ್ಡ್‌ಗಳು, ಇಬ್ಬರು ಡಿಫೆನ್ಸ್‌ನವರು. ಎದುರಾಳಿಗೆ ಅಡ್ಡ ನಿಲ್ಲೋದು ಈ ಇಬ್ಬರ ಕೆಲಸ. ಫೆಟಿಸೊವ್ ಅಂಥ ಡಿಫೆನ್ಸ್ ಆಟಗಾರ. ಆದರೆ ತಡೆದು ಸುಮ್ಮನಾಗುವ ಜಾಯಮಾನ ಅಲ್ಲ. ಪಕ್ ಕಸಿದುಕೊಂಡ ಮರುಕ್ಷಣ ತಾನೇ ಮುನ್ನುಗ್ಗುತ್ತಿದ್ದ. ಜಗತ್ತಿನ ಅತ್ಯುತ್ತಮ ಡಿಫೆನ್ಸ್ ಆಟಗಾರರ ಪಟ್ಟಿ ಯಾರೇ ಮಾಡಲಿ, ಈತನ ಹೆಸರು ಬಿಡೋಕಾಗಲ್ಲ.

ಹಾಗಾದರೆ ಮೇಜರ್ ಹೇಗಾದ? ಅಲ್ಲೇ ಇರೋದು ಕಥೆ.

ಸೋವಿಯತ್ ಒಕ್ಕೂಟದಲ್ಲಿ ಸಿಎಸ್‌ಕೆಎ ಅಂತ ಒಂದು ಕ್ಲಬ್. ಅದು ಸೇನೆಯ ಕ್ಲಬ್. ದೇಶದಲ್ಲಿ ಯುವಕರಿಗೆ ಮಿಲಿಟರಿ ಸೇವೆ ಕಡ್ಡಾಯ. ಹಾಗಾಗಿ ಒಳ್ಳೆ ಆಟಗಾರ ಎಲ್ಲೇ ಇರಲಿ, ಈ ಕ್ಲಬ್ಬಿಗೆ ಎಳೆದುಕೊಳ್ಳೋದು ಸುಲಭ. ಪರಿಣಾಮ ಏನು ಗೊತ್ತಾ? 1977ರಿಂದ 1989ರವರೆಗೆ ಸತತ 13 ಸಲ ಸೋವಿಯತ್ ಲೀಗ್ ಪ್ರಶಸ್ತಿ ಇದೇ ಕ್ಲಬ್ಬಿಗೆ! ಕೋಚ್ ವಿಕ್ಟರ್ ತಿಖೊನೊವ್. ಸೇನಾ ಕ್ಲಬ್ಬಿಗೂ ಅವರೇ ಕೋಚ್, ರಾಷ್ಟ್ರೀಯ ತಂಡಕ್ಕೂ ಅವರೇ. ಅಂದಮೇಲೆ ಅವರನ್ನು ಎದುರು ಹಾಕಿಕೊಂಡವನಿಗೆ ಹೋಗಲು ಬೇರೆ ಬಾಗಿಲೇ ಇಲ್ಲ.

ಆಟಗಾರರು ಇರುತ್ತಿದ್ದದ್ದು ಮಾಸ್ಕೋ ಹೊರವಲಯದ ಆರ್ಖಾಂಗೆಲ್ಸ್ಕೊಯೆ ಶಿಬಿರದಲ್ಲಿ. ವರ್ಷದ ಹತ್ತು ಹನ್ನೊಂದು ತಿಂಗಳು ಅಲ್ಲೇ ಊಟ, ಅಲ್ಲೇ ನಿದ್ದೆ, ಅಲ್ಲೇ ತಾಲೀಮು. ಹೆಂಡತಿ, ಮಕ್ಕಳು ಅದೇ ಊರಿನಲ್ಲಿದ್ದರೂ ಮುಖ ನೋಡೋಕೆ ಅಪ್ಪಣೆ ಬೇಕು. ಅದು ಶಿಬಿರವೋ, ಸೆರೆಮನೆಯೋ? ನೀವೇ ಹೇಳಿ.

ಆದರೆ ಆ ಶಿಬಿರದಿಂದ ಹೊರಬಂದ ಆಟ ಮಾತ್ರ ಅದ್ಭುತ. ಫೆಟಿಸೊವ್, ಕಸಾತೊನೊವ್, ಮಕರೊವ್, ಲಾರಿಯೊನೊವ್, ಕ್ರುತೊವ್. ಈ ಐವರು ಒಟ್ಟಿಗೆ ಕಣಕ್ಕಿಳಿದರೆ ಎದುರಾಳಿಗೆ ಪಕ್ ಎಲ್ಲಿದೆ ಅನ್ನೋದೇ ತಿಳೀತಿರಲಿಲ್ಲ. 1980ರ ಲೇಕ್ ಪ್ಲಾಸಿಡ್ ಒಲಿಂಪಿಕ್ಸ್‌ನಲ್ಲಿ ಅಮೆರಿಕದ ಕಾಲೇಜು ಹುಡುಗರ ಎದುರು ಸೋವಿಯತ್ ತಂಡ 4-3ರಿಂದ ಸೋತಿತು. ಸೋತ ಆ ತಂಡದಲ್ಲಿ ಫೆಟಿಸೊವ್ ಕೂಡ ಇದ್ದ. ಆಮೇಲೆ 1984ರಲ್ಲಿ ಸರಯೇವೊದಲ್ಲಿ ಚಿನ್ನ, 1988ರಲ್ಲಿ ಕ್ಯಾಲ್ಗರಿಯಲ್ಲಿ ಚಿನ್ನ. ವೃತ್ತಿಜೀವನದಲ್ಲಿ ಒಟ್ಟು ಏಳು ವಿಶ್ವ ಚಾಂಪಿಯನ್‌ಷಿಪ್ ಚಿನ್ನ.

ಅತ್ತ ಅಮೆರಿಕ ಸುಮ್ಮನೆ ಕೂತಿರಲಿಲ್ಲ. ಅಲ್ಲಿನ ವೃತ್ತಿಪರ ಲೀಗ್ ಎನ್‌ಎಚ್‌ಎಲ್‌ನ ನ್ಯೂಜೆರ್ಸಿ ಡೆವಿಲ್ಸ್ ತಂಡ 1983ರಲ್ಲೇ ಫೆಟಿಸೊವ್ ಮೇಲೆ ಹಕ್ಕು ಕಾದಿರಿಸಿಕೊಂಡಿತ್ತು. ಕಾಗದದ ಮೇಲೆ ಹೆಸರು ಬಂತು, ಮನುಷ್ಯ ಬರಲಿಲ್ಲ. ಗೋರ್ಬಚೆವ್ ಕಾಲ ಬಂತು, ಗಾಳಿ ಬದಲಾಯಿತು. ಇನ್ನೇನು ಬಿಡ್ತೀವಿ, ಒಲಿಂಪಿಕ್ಸ್ ಮುಗಿಯಲಿ ಅಂದರು. ಒಲಿಂಪಿಕ್ಸ್ ಮುಗಿಯಿತು, ಚಿನ್ನ ಬಂತು, ಅನುಮತಿ ಮಾತ್ರ ಬರಲಿಲ್ಲ.

ಓಡಿ ಹೋಗಬಹುದಿತ್ತಲ್ಲ ಅಂತ ನೀವು ಕೇಳಬಹುದು. ಖಂಡಿತ ಹೋಗಬಹುದಿತ್ತು. ತಂಡದ ಜೊತೆ ವಿದೇಶಕ್ಕೆ ಹೋದಾಗ ಹೋಟೆಲಿನಿಂದ ಹೊರಬಿದ್ದು ಕಾರು ಹತ್ತಿದ್ದರೆ ಮುಗೀತಿತ್ತು. 1989ರಲ್ಲಿ ಯುವ ಆಟಗಾರ ಮೊಗಿಲ್ನಿ ಸ್ಟಾಕ್‌ಹೋಮ್‌ನಿಂದ ಹಾಗೇ ತಪ್ಪಿಸಿಕೊಂಡ. ಫೆಟಿಸೊವ್ ಹಾಗೆ ಮಾಡಲಿಲ್ಲ. ಹಿತ್ತಲ ಬಾಗಿಲಿನಿಂದ ಹೋಗಲ್ಲ, ಮುಂಬಾಗಿಲಿನಿಂದಲೇ ಹೋಗ್ತೀನಿ ಅನ್ನೋದು ಆತನ ಹಟ. ಸಂಬಳದ ದೊಡ್ಡ ಪಾಲನ್ನು ಸರ್ಕಾರಕ್ಕೆ ಕೊಡುವ ಒಪ್ಪಂದಕ್ಕೂ ಒಪ್ಪಲಿಲ್ಲ. ನನ್ನ ಬೆವರು, ನನ್ನ ದುಡ್ಡು. ಸೋವಿಯತ್ ಸೇನಾಧಿಕಾರಿಯೊಬ್ಬ ಹೀಗೆ ಹೇಳೋದು ಅಂದರೆ ಸಣ್ಣ ಮಾತಲ್ಲ.

1988ರಲ್ಲಿ ಮೊದಲು ಲಾರಿಯೊನೊವ್ ಸಿಡಿದ. ಕೋಚ್ ವಿರುದ್ಧ 'ಒಗೊನ್ಯೊಕ್' ಪತ್ರಿಕೆಗೆ ಬಹಿರಂಗ ಪತ್ರ ಬರೆದ. 1989ರ ಆರಂಭದಲ್ಲಿ ಫೆಟಿಸೊವ್ ಕೂಡ ಪತ್ರಿಕೆಯ ಮುಂದೆ ಬಾಯಿ ಬಿಟ್ಟ. ತಿಖೊನೊವ್ ಕೈಕೆಳಗೆ ಇನ್ನು ಆಡಲ್ಲ ಅಂದ. ಮರುಕ್ಷಣವೇ ತಂಡದಿಂದ ಹೊರಕ್ಕೆ. ರಕ್ಷಣಾ ಸಚಿವ ಯಾಜೊವ್ ಕೋಣೆಗೆ ಕರೆಸಿಕೊಂಡು ಕೂಗಾಡಿದರು, ಸೈಬೀರಿಯಾಕ್ಕೆ ಅಟ್ಟುವ ಬೆದರಿಕೆ ಹಾಕಿದರು ಅಂತ ಫೆಟಿಸೊವ್ ತಾನೇ ಆಮೇಲೆ ಹೇಳಿಕೊಂಡಿದ್ದಾನೆ. ನಿನ್ನೆಯವರೆಗೆ ದೇಶದ ಹೀರೊ, ಇವತ್ತು ತಾಲೀಮು ಮಾಡೋಕೂ ಜಾಗ ಇಲ್ಲ! ಅದಕ್ಕಿಂತ ಹೆಚ್ಚು ನೋಯಿಸಿದ್ದು ಇನ್ನೊಂದು. ವರ್ಷಗಟ್ಟಲೆ ಡಿಫೆನ್ಸ್‌ನಲ್ಲಿ ಪಕ್ಕದಲ್ಲೇ ಆಡಿದ ಗೆಳೆಯ ಕಸಾತೊನೊವ್ ಜೊತೆಗೆ ನಿಲ್ಲಲಿಲ್ಲ.

ಆದರೆ ಉಳಿದವರು ನಿಂತರು. ಫೆಟಿಸೊವ್ ಇಲ್ಲದಿದ್ದರೆ ವಿಶ್ವ ಚಾಂಪಿಯನ್‌ಷಿಪ್‌ಗೆ ನಾವೂ ಹೋಗಲ್ಲ ಅಂತ ಟಿವಿಯಲ್ಲೇ ಹೇಳಿಬಿಟ್ಟರು. ಸೋವಿಯತ್ ಟಿವಿಯಲ್ಲಿ! ಸರ್ಕಾರ ಬಗ್ಗಿತು. ಫೆಟಿಸೊವ್ ತಂಡಕ್ಕೆ ಮರಳಿದ, ಚಿನ್ನ ಗೆದ್ದ. ಅದೇ ವರ್ಷ ಕಾನೂನುಬದ್ಧವಾಗಿ, ತಲೆ ಎತ್ತಿಕೊಂಡು ನ್ಯೂಜೆರ್ಸಿಗೆ ಹೊರಟ. ವಯಸ್ಸು ಆಗ 31.

ಅಲ್ಲಿ ಹೂವಿನ ಹಾರ ಕಾದಿರಲಿಲ್ಲ. ಶೀತಲ ಸಮರದ ಸಿಟ್ಟು ಕಣದಲ್ಲೂ ಇತ್ತು. ಮೈಮೇಲೆ ಬಿದ್ದು ಗುದ್ದುವವರು, ಕೂಗಿ ಅಣಕಿಸುವವರು. ವಿಧಿಯಾಟ ನೋಡಿ, ಸ್ವಲ್ಪ ದಿನಕ್ಕೇ ಅದೇ ತಂಡಕ್ಕೆ ಕಸಾತೊನೊವ್ ಕೂಡ ಬಂದ! 1995ರಲ್ಲಿ ಡೆಟ್ರಾಯಿಟ್ ರೆಡ್ ವಿಂಗ್ಸ್ ತಂಡ ಫೆಟಿಸೊವ್‌ನನ್ನು ಕರೆದುಕೊಂಡಿತು. ವಯಸ್ಸು 37 ತುಂಬುವ ಹೊತ್ತು. ಮುಗಿದ ಕುದುರೆ ಅಂದುಕೊಂಡವರೇ ಹೆಚ್ಚು. ಕೋಚ್ ಸ್ಕಾಟಿ ಬೋಮನ್ ಐವರು ರಷ್ಯನ್ನರನ್ನು ಒಟ್ಟಿಗೆ ಕಣಕ್ಕಿಳಿಸಿದರು. 1997ರ ಜೂನ್ 7ರಂದು ಸ್ಟ್ಯಾನ್ಲಿ ಕಪ್ ಕೈಗೆ ಬಂತು. ಫೆಟಿಸೊವ್, ಲಾರಿಯೊನೊವ್ ಇಬ್ಬರೂ ಸೇರಿ ಅದನ್ನು ಎತ್ತಿ ಹಿಡಿದರು.

ಆರೇ ದಿನ. ಸಂಭ್ರಮ ಮುಗಿಸಿ ಬರುತ್ತಿದ್ದ ಕಾರು ಅಪಘಾತಕ್ಕೀಡಾಯಿತು. ಫೆಟಿಸೊವ್ ಗಾಯಗಳೊಂದಿಗೆ ಉಳಿದ. ಜೊತೆಗಿದ್ದ ಡಿಫೆನ್ಸ್ ಆಟಗಾರ ಕಾನ್‌ಸ್ಟಾಂಟಿನೊವ್ ಮಿದುಳಿಗೆ ಪೆಟ್ಟಾಗಿ ಮತ್ತೆಂದೂ ಆಡಲಿಲ್ಲ. ಆ ಆಗಸ್ಟ್‌ನಲ್ಲಿ ಕಪ್ ಮಾಸ್ಕೋಗೆ, ಕೆಂಪು ಚೌಕಕ್ಕೆ ಹೋಯಿತು. ಮರುವರ್ಷ ಮತ್ತೆ ಗೆದ್ದಾಗ ಗಾಲಿಕುರ್ಚಿಯಲ್ಲಿದ್ದ ಕಾನ್‌ಸ್ಟಾಂಟಿನೊವ್ ಮಡಿಲಲ್ಲಿ ಅದೇ ಕಪ್ ಇತ್ತು. ಆ ಗೆಲುವಿನೊಂದಿಗೆ, 40ನೇ ವಯಸ್ಸಿನಲ್ಲಿ, ಫೆಟಿಸೊವ್ ಆಟ ನಿಲ್ಲಿಸಿದ. ಅಮೆರಿಕದ ಲೆಕ್ಕ 546 ಪಂದ್ಯ, 228 ಅಂಕ.

ಕಥೆ ಇಲ್ಲಿಗೇ ಮುಗಿದಿದ್ದರೆ ಚಪ್ಪಾಳೆ ತಟ್ಟಿ ಎದ್ದು ಹೋಗಬಹುದಿತ್ತು. ಮುಗಿಯಲಿಲ್ಲ.

2002ರಲ್ಲಿ ಪುಟಿನ್ ಸರ್ಕಾರ ಆತನನ್ನು ಕರೆದು ದೇಶದ ಕ್ರೀಡಾ ಇಲಾಖೆಯ ಮುಖ್ಯಸ್ಥನನ್ನಾಗಿ ಮಾಡಿತು. ಆಮೇಲೆ ಸಂಸತ್ತಿನ ಮೇಲ್ಮನೆ ಸದಸ್ಯ. 2015ರ ಜನವರಿಯಲ್ಲಿ ಇದೇ ಫೆಟಿಸೊವ್ ಒಂದು ಮಾತು ತೇಲಿಬಿಟ್ಟ. 28 ವರ್ಷ ತುಂಬುವವರೆಗೆ ರಷ್ಯಾದ ಕ್ರೀಡಾಪಟುಗಳು ವಿದೇಶಿ ಕ್ಲಬ್‌ಗಳಿಗೆ ಆಡಬಾರದು, ಹಾಗೆ ಕಾನೂನು ಬರಬೇಕು ಅಂತ!

ಯಾರು ಹೇಳಿದ್ದು ಅಂತ ಇನ್ನೊಮ್ಮೆ ಓದಿ. ರಕ್ಷಣಾ ಸಚಿವರ ಎದುರು ನಿಂತು ನನ್ನನ್ನು ಬಿಡಿ ಅಂದವನು!

ಆತನ ಪರವಾಗಿಯೂ ಒಂದು ಮಾತಿದೆ, ಅದನ್ನು ಹೇಳದಿದ್ದರೆ ಅನ್ಯಾಯ. ದೇಶ ಖರ್ಚು ಮಾಡಿ ಬೆಳೆಸಿದ ಹುಡುಗ ಹದಿನೆಂಟಕ್ಕೇ ಡಾಲರ್ ಹಿಂದೆ ಹೋದರೆ ಊರಿನ ಲೀಗ್ ಗತಿ ಏನು? ಪ್ರಶ್ನೆ ನ್ಯಾಯವಾದದ್ದೇ. ಆದರೆ ತಿಖೊನೊವ್ ಇದ್ದ ವ್ಯವಸ್ಥೆಯ ವಾದವೂ ಅಕ್ಷರಶಃ ಇದೇ ಆಗಿತ್ತಲ್ವಾ? ನಿನ್ನನ್ನು ಬೆಳೆಸಿದ್ದು ನಾವು, ನೀನು ನಮ್ಮವನು, ಹೋಗುವಂತಿಲ್ಲ.

ಅಂಥ ಕಾನೂನು ಬರಲಿಲ್ಲ. ರಷ್ಯಾದ ಹುಡುಗರು ಈಗಲೂ ಎನ್‌ಎಚ್‌ಎಲ್‌ಗೆ ಹೋಗ್ತಾನೇ ಇದ್ದಾರೆ. ಅವರು ನಡೆಯುವ ದಾರಿ ಮಾಡಿಕೊಟ್ಟವರಲ್ಲಿ ಮೊದಲ ಸಾಲಿನಲ್ಲಿ ನಿಲ್ಲುವವನು ಫೆಟಿಸೊವ್. ಆ ಉಪಕಾರವನ್ನು ಆತನ ಮುಂದಿನ ಯಾವ ಮಾತೂ ಅಳಿಸಲ್ಲ. ಆದರೆ ಇತಿಹಾಸ ಇನ್ನೊಂದನ್ನೂ ಬರೆದಿಟ್ಟಿದೆ. ಬೀಗ ಹಾಕಿದ ಬಾಗಿಲಿನ ಒಳಗೆ ನಿಂತಾಗ ಸ್ವಾತಂತ್ರ್ಯದ ಬೆಲೆ ಎಲ್ಲರಿಗೂ ಗೊತ್ತಾಗುತ್ತೆ. ಬೀಗದ ಕೈ ನಮ್ಮ ಜೇಬಿಗೆ ಬಂದಮೇಲೂ ಅದು ನೆನಪಿರುತ್ತಾ? ಇದು ಮಾಸ್ಕೋದ ಮೇಜರ್ ಒಬ್ಬನಿಗೆ ಕೇಳುವ ಪ್ರಶ್ನೆ ಅಷ್ಟೇ ಅಂದುಕೊಳ್ಳಬೇಡಿ. ಕುರ್ಚಿಯಲ್ಲಿ ಕೂತ ಎಲ್ಲರಿಗೂ ಕೇಳಬೇಕಾದ ಪ್ರಶ್ನೆ ಇದು.