ಹಟ್ಟಿಯ ನಕ್ಷೆ ಮೊದಲು ಬರೆದವರು ಯಾರು?

ಹಟ್ಟಿಯನ್ನು ಇಂಗ್ಲಿಷಿನಲ್ಲಿ ಹೇಗೆ ಬರೀತಾರೆ, ಗಮನಿಸಿದ್ದೀರಾ? ಎಚ್ ಆದ ಮೇಲೆ ‘ಎ’ ಅಲ್ಲ, ‘ಯು’. ಗೊತ್ತಿಲ್ಲದವರು ‘ಹುಟ್ಟಿ’ ಅಂತಲೇ ಓದ್ತಾರೆ. ಇದು ಬ್ರಿಟಿಷರ ಕಾಲದ ಕಾಗುಣಿತ. ಚಿನ್ನದ ಗಣಿ ಕಂಪನಿಯ ಹೆಸರಿನಲ್ಲಿ ಇವತ್ತಿಗೂ ಹಾಗೇ ಇದೆ.

ಈ ಸೀಮೆಯ ಹಳೆಯ ನಕ್ಷೆಗಳನ್ನು ಒಂದರ ಪಕ್ಕ ಒಂದು ಇಟ್ಟು ನೋಡಿ. ಊರು ಕದಲಿಲ್ಲ, ಗೆರೆಗಳೇ ಓಡಾಡಿವೆ. 1853ರಲ್ಲಿ ರಾಯಚೂರು ದೋಆಬ್ ನಿಜಾಮರ ಕೈಯಿಂದ ಬ್ರಿಟಿಷರ ಆಡಳಿತಕ್ಕೆ ಹೋಯಿತು, 1860ರಲ್ಲಿ ವಾಪಸ್ ಬಂತು. ಇವತ್ತು ತಾಲ್ಲೂಕಾಗಿರುವ ಲಿಂಗಸುಗೂರು ಒಂದು ಕಾಲಕ್ಕೆ ಜಿಲ್ಲೆ ಸ್ವಾಮಿ! 1905ರಲ್ಲಿ ಆ ಜಿಲ್ಲೆಯನ್ನು ಒಡೆದರು. ಲಿಂಗಸುಗೂರು, ಸಿಂಧನೂರು ರಾಯಚೂರಿಗೆ. ಸುರಪುರ, ಶಹಾಪುರ ಗುಲ್ಬರ್ಗಕ್ಕೆ. 1956ರಲ್ಲಿ ಇಡೀ ಸೀಮೆ ಹೈದರಾಬಾದ್ ಬಿಟ್ಟು ಮೈಸೂರು ರಾಜ್ಯ ಸೇರಿತು. ಅಜ್ಜ, ಅಪ್ಪ, ಮಗ ಒಂದೇ ಮನೆಯಲ್ಲಿ ಹುಟ್ಟಿದರೂ ಕಾಗದಪತ್ರದಲ್ಲಿ ಬೇರೆ ಬೇರೆ ಜಿಲ್ಲೆ, ಬೇರೆ ಬೇರೆ ರಾಜ್ಯ.

ಇನ್ನೊಂದು ನಕ್ಷೆ ಇದೆ, ಕಲ್ಲಿನದು. ಭೂವಿಜ್ಞಾನಿಗಳ ಹಾಳೆಯಲ್ಲಿ ಹಟ್ಟಿಯಿಂದ ಮಸ್ಕಿಯ ಕಡೆಗೆ ಕೊಕ್ಕೆಯ ಹಾಗೆ ಬಾಗಿದ ಒಂದು ಶಿಲಾಪಟ್ಟಿ ಕಾಣುತ್ತದೆ. ಚಿನ್ನ ಇರುವುದು ಅಲ್ಲೇ. ಜಿಲ್ಲೆ ಯಾವುದಾದರೇನು, ಆ ಪಟ್ಟಿಗೆ ಲೆಕ್ಕವಿಲ್ಲ. 19ನೇ ಶತಮಾನದ ಕೊನೆಗೆ ಕಂಪನಿಯವರು ಬಂದರು. ಅವರಿಗೆ ದಾರಿ ತೋರಿಸಿದ್ದು ಬರೀ ವಿಜ್ಞಾನ ಅಂದುಕೊಳ್ಳಬೇಡಿ. ಅವರಿಗಿಂತ ಮೊದಲೇ ಯಾರೋ ತೋಡಿ ಬಿಟ್ಟುಹೋದ ಗುಂಡಿಗಳಿದ್ದವು. ಕೆಲವು ಸುಮಾರು 640 ಅಡಿ ಆಳ! ಒಳಗೆ ಸಿಕ್ಕ ಮರದ ತುಂಡುಗಳ ವಯಸ್ಸು ಹತ್ತಿರ ಹತ್ತಿರ ಎರಡು ಸಾವಿರ ವರ್ಷ. ಯಂತ್ರ ಇಲ್ಲ, ಮದ್ದಿಲ್ಲ. ಬೆಂಕಿಯಲ್ಲಿ ಬಂಡೆ ಕಾಯಿಸಿ ಸೀಳಿ ಇಳಿದವರು ಅವರು.

1915ರಲ್ಲಿ ಮಸ್ಕಿಯ ಬಂಡೆಯ ಮೇಲೆ ಅಶೋಕನ ಶಾಸನ ಕಂಡದ್ದೂ ಬೀಡನ್ ಎಂಬ ಚಿನ್ನದ ಗಣಿ ಎಂಜಿನಿಯರ್‌ಗೆ. ‘ದೇವಾನಾಂಪ್ರಿಯ’ ಅಂದರೆ ಅಶೋಕನೇ ಅಂತ ಖಾತ್ರಿಯಾದದ್ದು ಆ ಬಂಡೆಯಿಂದ. ಹುಡುಕಿದ್ದು ಚಿನ್ನ, ಸಿಕ್ಕಿದ್ದು ಚಕ್ರವರ್ತಿ!

ಬೀಡನ್ ಹೆಸರು ಪುಸ್ತಕದಲ್ಲಿದೆ, ಅಶೋಕನ ಹೆಸರು ಬಂಡೆಯ ಮೇಲಿದೆ. 640 ಅಡಿ ಇಳಿದವರ ಒಂದು ಹೆಸರೂ ಯಾವ ನಕ್ಷೆಯಲ್ಲೂ ಇಲ್ಲ. 1920ರಲ್ಲಿ ಕಂಪನಿ ಬಾಗಿಲು ಹಾಕಿತು. 1947ರಲ್ಲಿ ಹೈದರಾಬಾದ್ ಗೋಲ್ಡ್ ಮೈನ್ಸ್ ಅಂತ ಹೊಸ ಕಂಪನಿ ಹುಟ್ಟಿತು. ಮತ್ತೆ ಇಳಿದದ್ದು ಅದೇ ಕೊಕ್ಕೆಯೊಳಕ್ಕೆ.