ಜೇನಿನ ಜೀನು: ತುಡುವೆ ರೋಗದ ಹಿಂದಿನ ಚರಿತ್ರೆ

ನಮ್ಮ ಕಡೆ ಜೇನು ಎಂದರೆ ಹುಳವೂ ಹೌದು, ತುಪ್ಪವೂ ಹೌದು. ಹೈಸ್ಕೂಲಿಗೆ ಬಂದ ಮೇಲೆ ಮಕ್ಕಳಿಗೆ ಇನ್ನೊಂದು 'ಜೀನು' ಎದುರಾಗುತ್ತದೆ. ವಂಶವಾಹಿ ಎಂದು ಎಷ್ಟು ಸಲ ಹೇಳಿಕೊಟ್ಟರೂ ಮಕ್ಕಳ ಬಾಯಲ್ಲಿ ಅದು ಜೀನೇ! ಎರಡನ್ನೂ ಅದಲುಬದಲು ಮಾಡಿ ಅವರು ನಗುವುದುಂಟು. ಆದರೆ ಈ ಜೇನಿಗೂ ಆ ಜೀನಿಗೂ ಇರುವ ನಂಟು ನಗುವಂಥದ್ದಲ್ಲ. ಕಾಸರಗೋಡಿನ ಮೂಡಣ ಭಾಗದ ಹಳೆಯ ಮನೆಗಳ ಹಟ್ಟಿಯಲ್ಲೋ ಅಟ್ಟದಲ್ಲೋ ಹುಡುಕಿದರೆ ಈಗಲೂ ಒಂದೆರಡು ಖಾಲಿ ಜೇನುಪೆಟ್ಟಿಗೆ ಸಿಕ್ಕೀತು. ಅವು ಏಕೆ ಖಾಲಿಯಾದವು ಎಂಬ ಚರಿತ್ರೆಯನ್ನು ಬರೆದಿಡಬೇಕು ಎಂದು ನಮಗೆ ಬಹಳ ದಿನಗಳಿಂದ ಅನ್ನಿಸುತ್ತಿತ್ತು.

1991-92ರ ಮಾತು. ನಾವು ಆಗ ಪ್ರೈಮರಿ ಶಾಲೆಯಲ್ಲಿದ್ದೆವು. ಕೇರಳ, ಕರ್ನಾಟಕ, ತಮಿಳುನಾಡು ಮೂರೂ ರಾಜ್ಯಗಳಲ್ಲಿ ತುಡುವೆ ಜೇನಿಗೆ ಒಂದು ರೋಗ ಬಿತ್ತು. ಎರಡು ಮೂರು ವರ್ಷಗಳೊಳಗೆ ದಕ್ಷಿಣ ಭಾರತದಲ್ಲಿ ಪೆಟ್ಟಿಗೆಗಳಲ್ಲಿದ್ದ ತುಡುವೆ ಕುಟುಂಬಗಳಲ್ಲಿ ನೂರಕ್ಕೆ ತೊಂಬತ್ತಕ್ಕಿಂತ ಹೆಚ್ಚು ನಾಶವಾದವು. ಅಡಿಕೆ ತೋಟದ ಬದಿಯಲ್ಲಿ ಹತ್ತಿಪ್ಪತ್ತು ಪೆಟ್ಟಿಗೆ ಇಟ್ಟುಕೊಂಡು ವರ್ಷಕ್ಕಿಷ್ಟು ತುಪ್ಪ ಮಾರುತ್ತಿದ್ದವರು ಒಂದೇ ಮಳೆಗಾಲದಲ್ಲಿ ಬರಿಗೈಯಾದರು.

ಇಲ್ಲಿ ಒಂದು ವಿಷಯವನ್ನು ಬೇರ್ಪಡಿಸಿ ಹೇಳಬೇಕು. ನಮ್ಮ ಜಿಲ್ಲೆಯ ಗೇರು ತೋಟಗಳ ಮೇಲೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸುರಿಯುತ್ತಿದ್ದ ಕಾಲವೂ ಅದೇ. ಅದು ನಿಂತದ್ದು 2000ದ ಅಂತ್ಯಕ್ಕೆ. ಹಾಗಾಗಿ 'ಎಲ್ಲ ಜೇನೂ ಸತ್ತದ್ದು ಮದ್ದಿನಿಂದ' ಎನ್ನುವವರು ಇಂದಿಗೂ ಇದ್ದಾರೆ. ವಿಷ ಜೇನನ್ನು ಕೊಲ್ಲುತ್ತದೆ, ಸಂಶಯವಿಲ್ಲ. ಆದರೆ ವಿಷಕ್ಕೆ ಸಿಕ್ಕಿದಾಗ ಮುಖ್ಯವಾಗಿ ಸಾಯುವುದು ಹಾರಾಡುವ ದೊಡ್ಡ ಹುಳಗಳು. ಪೆಟ್ಟಿಗೆಯ ಬಾಗಿಲಲ್ಲಿ ರಾಶಿ ಬೀಳುತ್ತವೆ. ಈ ರೋಗದಲ್ಲಿ ಸಾಯುವುದು ಎರಿಯೊಳಗಿನ ಮರಿಗಳು. ಮರಿ ಕೋಶಾವಸ್ಥೆಗೆ ಹೋಗಬೇಕಾದ ಹೊತ್ತಿಗೆ ನೆಟ್ಟಗೆ ಮಲಗಿ ಹಾಗೇ ಸಾಯುತ್ತದೆ. ಚಿಮಟದಲ್ಲಿ ಎತ್ತಿದರೆ ನೀರು ತುಂಬಿದ ಪುಟ್ಟ ಚೀಲದಂತೆ ಇಡಿಯಾಗಿ ಬರುತ್ತದೆ. ಹೊಸ ಹುಳ ಹುಟ್ಟದೆ ಕುಟುಂಬ ಕ್ಷೀಣಿಸಿ, ಉಳಿದವು ಪೆಟ್ಟಿಗೆ ಬಿಟ್ಟು ಹಾರಿಹೋಗುತ್ತವೆ. ಎರಡು ಬೇರೆ ಕಷ್ಟಗಳನ್ನು ಒಂದೇ ಲೆಕ್ಕಕ್ಕೆ ಬರೆದರೆ ಎರಡಕ್ಕೂ ನ್ಯಾಯ ಸಿಗುವುದಿಲ್ಲ ಎಂಬುದು ನಮ್ಮ ಅಭಿಪ್ರಾಯ.

ಚೀಲದಂತಾಗುವ ಈ ರೋಗಕ್ಕೆ ಸ್ಯಾಕ್‌ಬ್ರೂಡ್ ಎಂದು ಹೆಸರಿಟ್ಟವರು ಅಮೆರಿಕದ ಜಿ. ಎಫ್. ವೈಟ್, 1913ರಲ್ಲಿ. ಅವರು ನೋಡಿದ್ದು ಯುರೋಪಿನ ಮೆಲಿಫೆರಾ ಜೇನಿನಲ್ಲಿ. ಸತ್ತ ಮರಿಗಳ ರಸವನ್ನು ಬ್ಯಾಕ್ಟೀರಿಯಾ ಕೂಡ ದಾಟಲಾರದ ಸೋಸುಗಳಲ್ಲಿ ಸೋಸಿದರೂ ಆ ರಸ ರೋಗ ತರುತ್ತಿತ್ತು; ಆದ್ದರಿಂದ ಇದು ವೈರಸ್ ಎಂದು ತಿಳಿಯಿತು. 1964ರಲ್ಲಿ ಇಂಗ್ಲೆಂಡಿನ ರಾಥಮ್‌ಸ್ಟೆಡ್‌ನಲ್ಲಿ ಬೈಲಿ ಮತ್ತು ಸಂಗಡಿಗರು ವೈರಸ್ಸನ್ನು ಶುದ್ಧರೂಪದಲ್ಲಿ ಬೇರ್ಪಡಿಸಿದರು. ಮೆಲಿಫೆರಾಕ್ಕೆ ಇದು ಅಷ್ಟು ದೊಡ್ಡ ಕಾಯಿಲೆಯಲ್ಲ, ಬಂದು ಹೋಗುತ್ತದೆ. ಆದರೆ 1976ರಲ್ಲಿ ಥಾಯ್ಲೆಂಡಿನ ತುಡುವೆ ಜಾತಿಯ ಜೇನಿನಲ್ಲಿ ಕಂಡ ವೈರಸ್ ಅದರ ದಾಯಾದಿ, ಬಹಳ ಕ್ರೂರಿ. 1978ರ ಹೊತ್ತಿಗೆ ಅದು ನಮ್ಮ ಈಶಾನ್ಯ ಭಾರತದಲ್ಲಿತ್ತು. ದಕ್ಷಿಣಕ್ಕೆ ಬರಲು ಮತ್ತೆ ಹದಿಮೂರು ವರ್ಷ ಹಿಡಿಯಿತು.

ಹಾಗಾದರೆ ನೂರರಲ್ಲಿ ಕೆಲವು ಕುಟುಂಬಗಳು ಹೇಗೆ ಉಳಿದವು? ಇಲ್ಲಿಂದಲೇ ಜೀನಿನ ಕಥೆ ಶುರು.

ಸೈಲೀಷಿಯಾ (ಈಗ ಪೋಲೆಂಡ್) ಎಂಬ ಪ್ರದೇಶದಲ್ಲಿ ಯೋಹಾನ್ ಜೀರ್ಜನ್ ಎಂಬ ಪಾದ್ರಿಯಿದ್ದರು. ಗಂಡುಜೇನಿಗೆ ತಂದೆಯೇ ಇಲ್ಲ, ಅದು ಫಲಿತವಾಗದ ಮೊಟ್ಟೆಯಿಂದ ಹುಟ್ಟುತ್ತದೆ ಎಂದು 1845ರಲ್ಲಿ ಅವರು ಬರೆದಾಗ ಎಷ್ಟೋ ಜನ ನಂಬಲಿಲ್ಲ. ಅವರು ಹೇಳಿದ್ದೇ ಸರಿ. ರಾಣಿಗೂ ಕೆಲಸಗಾರ ಜೇನಿಗೂ 32 ವರ್ಣತಂತುಗಳು, ಗಂಡಿಗೆ ಬರೇ 16. ಬಟಾಣಿ ಗಿಡದ ಪ್ರಯೋಗದಿಂದ ನಮಗೆಲ್ಲ ಗೊತ್ತಿರುವ ಮೆಂಡಲರೂ ಜೇನು ಸಾಕಿದವರೇ! ಬ್ರನೋ ಮಠದ ತೋಟದಲ್ಲಿ 1870ರ ದಶಕದ ಆರಂಭದಲ್ಲಿ ಜೇನುಮನೆಯನ್ನೇ ಕಟ್ಟಿಸಿದ್ದರು. ಬಟಾಣಿಯಂತೆ ಜೇನನ್ನೂ ತಮಗೆ ಬೇಕಾದಂತೆ ಕೂಡಿಸಿ ನೋಡುವ ಆಸೆ ಅವರಿಗಿತ್ತು. ಆದರೆ ರಾಣಿ ಆಕಾಶದಲ್ಲಿ ಹಾರುತ್ತಾ ಹಲವು ಗಂಡುಗಳನ್ನು ಕೂಡುವವಳು. ಅವಳನ್ನು ಹತೋಟಿಯಲ್ಲಿಡುವುದು ಹೇಗೆ? ಮೆಂಡಲರಿಗೆ ಸಾಧ್ಯವಾಗಲಿಲ್ಲ. ಅಮೆರಿಕದ ವಾಟ್ಸನ್ 1926ರಲ್ಲಿ ರಾಣಿಗೆ ಕೃತಕ ಗರ್ಭಧಾರಣೆ ಮಾಡುವ ದಾರಿ ತೋರಿಸುವವರೆಗೆ ಈ ಕೆಲಸ ಮುಂದೆ ಸಾಗಲಿಲ್ಲ.

ಆ ಸೂಕ್ಷ್ಮ ಸೂಜಿಯಿಂದ ದೊರೆತ ಫಲಗಳಲ್ಲಿ ನಮಗೆ ತುಂಬಾ ಇಷ್ಟವಾದದ್ದು ವಾಲ್ಟರ್ ರಾಥೆನ್‌ಬ್ಯೂಲರ್ 1964ರಲ್ಲಿ ಪ್ರಕಟಿಸಿದ ಪ್ರಯೋಗ. ಅವರು ಹಿಡಿದದ್ದು ವೈರಸ್ಸನ್ನಲ್ಲ, ಮರಿಗಳನ್ನು ಕೊಳೆಸುವ ಒಂದು ಬ್ಯಾಕ್ಟೀರಿಯಾ ರೋಗವನ್ನು. ಕೆಲವು ಕುಟುಂಬಗಳ ಜೇನುಗಳು ಸತ್ತ ಮರಿಯಿರುವ ಕೋಣೆಯ ಮೇಣದ ಮುಚ್ಚಳ ತೆಗೆದು, ಹೆಣವನ್ನು ಎಳೆದು ಹೊರಗೆ ಹಾಕುತ್ತವೆ. ಅಲ್ಲಿ ರೋಗ ನಿಲ್ಲುವುದಿಲ್ಲ. ಇನ್ನು ಕೆಲವು ಕುಟುಂಬಗಳು ಕಂಡರೂ ಕಾಣದಂತಿರುತ್ತವೆ. ಎರಡನ್ನೂ ಕೂಡಿಸಿ ಹುಟ್ಟಿದ ಸಂತತಿಯನ್ನು ಮತ್ತೆ ಶುಚಿ ಜೇನಿನೊಂದಿಗೆ ಕೂಡಿಸಿ 29 ಕುಟುಂಬಗಳನ್ನು ಪರೀಕ್ಷಿಸಿದರು. ಆರು ಕುಟುಂಬಗಳು ಮುಚ್ಚಳವನ್ನೂ ತೆಗೆದವು, ಹೆಣವನ್ನೂ ಹಾಕಿದವು. ಒಂಬತ್ತು ಕುಟುಂಬಗಳು ಮುಚ್ಚಳ ತೆಗೆದು ಸುಮ್ಮನಾದವು! ಉಳಿದ ಹದಿನಾಲ್ಕು ಮುಚ್ಚಳವನ್ನೇ ಮುಟ್ಟಲಿಲ್ಲ. ರಾಥೆನ್‌ಬ್ಯೂಲರ್ ಅಲ್ಲಿಗೆ ಬಿಡದೆ ಆ ಮುಚ್ಚಳಗಳನ್ನು ತಾವೇ ತೆಗೆದುಕೊಟ್ಟು ನೋಡಿದರು. ಆಗ ಆರು ಕುಟುಂಬಗಳು ಹೆಣ ಹೊರಹಾಕಿದವು, ಎಂಟು ಆಗಲೂ ಸುಮ್ಮನಿದ್ದವು. 6, 9, 6, 8. ಹೆಚ್ಚು ಕಡಿಮೆ ನಾಲ್ಕು ಸಮಭಾಗ. ಮುಚ್ಚಳ ತೆಗೆಯುವುದಕ್ಕೆ ಒಂದು ಜೀನು, ಹೆಣ ತೆಗೆಯುವುದಕ್ಕೆ ಇನ್ನೊಂದು ಎಂದು ಅವರು ವಿವರಿಸಿದರು. 2002ರಲ್ಲಿ ನಡೆದ ಸಂಶೋಧನೆ ಕನಿಷ್ಠ ಏಳು ಜೀನು ತಾಣಗಳು ಇದರಲ್ಲಿ ಕೈಯಾಡಿಸುತ್ತವೆ ಎಂದು ಸೂಚಿಸಿತು. ಲೆಕ್ಕ ಅಷ್ಟು ಸರಳವಲ್ಲ. ಆದರೂ ಮನೆ ಗುಡಿಸುವ ಬುದ್ಧಿ ತಾಯಿತಂದೆಯರಿಂದ ಬರುತ್ತದೆ ಎಂಬ ಮಾತು ನಿಂತಿದೆ.

ನಮ್ಮ ತುಡುವೆ ಈ ವಿಷಯದಲ್ಲಿ ಜಾಣೆ. ವರೋವಾ ಎಂಬ ನುಸಿ ಮೊದಲಿನಿಂದಲೂ ಅದರ ಮೈಗಂಟಿದ ಪರಾವಲಂಬಿ. 1904ರಲ್ಲಿ ಜಾವಾ ದ್ವೀಪದ ತುಡುವೆಯಲ್ಲಿ ಸಿಕ್ಕಿದ ನುಸಿಗೆ ವರೋವಾ ಜಾಕಬ್ಸೋನಿ ಎಂದು ಹೆಸರಾಯಿತು. ತುಡುವೆಯಲ್ಲಿ ಈ ಜಾತಿಯ ನುಸಿಗಳು ಸಂತಾನ ಬೆಳೆಸುವುದು ಗಂಡುಮರಿಗಳ ಕೋಣೆಯಲ್ಲಿ ಮಾತ್ರ ಎನ್ನಬಹುದು. ಹಾಗಾಗಿ ಇಬ್ಬರೂ ಬದುಕಿಕೊಂಡು ಬಂದಿದ್ದಾರೆ. ಮನುಷ್ಯ ಮೆಲಿಫೆರಾವನ್ನು ಏಷ್ಯಾಕ್ಕೆ ತಂದು ತುಡುವೆಯ ನೆರೆಮನೆಯಲ್ಲಿಟ್ಟಾಗ ನುಸಿ ಜಿಗಿಯಿತು. ಹೊಸ ಮನೆಯಲ್ಲಿ ಕೆಲಸಗಾರ ಮರಿಗಳನ್ನೂ ಬಿಡದೆ ಲೋಕವನ್ನೇ ಸುತ್ತಿತು. 2000ದಲ್ಲಿ ಆಂಡರ್ಸನ್ ಮತ್ತು ಟ್ರೂಮನ್ ಅದರ ಡಿಎನ್‌ಎ ಓದಿ ನೋಡಿದರೆ, ಮೆಲಿಫೆರಾವನ್ನು ಕೊಲ್ಲುತ್ತಿದ್ದದ್ದು ಜಾಕಬ್ಸೋನಿಯೇ ಅಲ್ಲ! ಅದೇ ಕುಲದ ಬೇರೆ ಜಾತಿ. ಅದಕ್ಕೆ ವರೋವಾ ಡಿಸ್ಟ್ರಕ್ಟರ್, ಅಂದರೆ ನಾಶಕ, ಎಂದು ಹೆಸರಿಟ್ಟರು.

2006ರಲ್ಲಿ ಮೆಲಿಫೆರಾದ ಸಂಪೂರ್ಣ ಜೀನೋಮ್ ಪ್ರಕಟವಾಯಿತು. 2015ರಲ್ಲಿ ತುಡುವೆ ಜಾತಿಯದ್ದೂ ಆಯಿತು. ಒಂದು ಪೆಟ್ಟಿಗೆಯಲ್ಲಿ ಸಾವಿರಾರು ಹುಳಗಳು ಮೈಗೆ ಮೈ ತಾಗಿಸಿಕೊಂಡು ಬದುಕುವಾಗ ರೋಗ ತಡೆಯುವ ಜೀನುಗಳು ಬಹಳ ಇರಬೇಕು ಎಂದು ಯಾರಿಗೂ ಅನ್ನಿಸುತ್ತದೆ. ಕಂಡದ್ದು ತದ್ವಿರುದ್ಧ: ರೋಗನಿರೋಧಕ ಜೀನುಗಳ ಗುಂಪುಗಳಲ್ಲಿ ಹಣ್ಣುನೊಣ, ಸೊಳ್ಳೆಗಳಿಗೆ ಇರುವುದರ ಮೂರನೇ ಒಂದು ಭಾಗದಷ್ಟೇ ಜೇನಿಗಿದೆ. ಹೆಣ ಎಳೆದುಹಾಕುವುದು, ಒಬ್ಬರ ಮೈಯನ್ನು ಒಬ್ಬರು ಒರೆಸುವುದು, ಹೊಟ್ಟೆಯ ಒಳ್ಳೆಯ ಬ್ಯಾಕ್ಟೀರಿಯಾಗಳನ್ನು ಅಕ್ಕಂದಿರಿಂದ ಪಡೆದುಕೊಳ್ಳುವುದು, ಇವೆಲ್ಲ ಸೇರಿ ಆ ಕೊರತೆಯನ್ನು ತುಂಬುತ್ತಿರಬಹುದು ಎಂದು ವಿಜ್ಞಾನಿಗಳು ಊಹಿಸಿದರು.

ಸ್ಯಾಕ್‌ಬ್ರೂಡ್ ವೈರಸ್ಸಿನ ಜೀನೋಮ್ ಓದಿದ್ದು ಇನ್ನೂ ಮೊದಲು, 1999ರಲ್ಲಿ. ಅದು ಬರೇ 8832 ಅಕ್ಷರಗಳ ಆರ್‌ಎನ್‌ಎ. ನಕಲು ಮಾಡುವಾಗ ತಪ್ಪು ತಿದ್ದುವ ವ್ಯವಸ್ಥೆ ಇಂಥ ವೈರಸ್‌ಗಳಲ್ಲಿಲ್ಲ, ಹಾಗಾಗಿ ರೂಪ ಬದಲಾಯಿಸುತ್ತಲೇ ಇರುತ್ತದೆ. ಇದಕ್ಕೆ ಮದ್ದಿಲ್ಲ. ಆದ್ದರಿಂದಲೇ ರೋಗದ ನಂತರ ಉಳಿದ ದಾರಿ ಎರಡು. ಒಂದು, 1990ರ ದಶಕದಲ್ಲಿ ನಡೆದಂತೆ ಈ ವೈರಸ್ಸಿಗೆ ಜಗ್ಗದ ಮೆಲಿಫೆರಾವನ್ನು ತಂದು ಸಾಕುವುದು. ರಬ್ಬರ್ ತೋಟದ ಊರುಗಳಲ್ಲಿ ಅದು ಚೆನ್ನಾಗಿಯೇ ತುಪ್ಪ ಕೊಟ್ಟಿತು, ಆದರೆ ನುಸಿಯ ಕಾಟ ಅದರ ಬೆನ್ನಿಗೇ ಇದೆ. ಇನ್ನೊಂದು, ಸಾಯದೆ ಉಳಿದ ತುಡುವೆಗಳನ್ನೇ ಹುತ್ತದಿಂದ, ಮರದ ಪೊಟರೆಯಿಂದ ಹಿಡಿದು ತಂದು, ರೋಗ ತಡೆದ ಕುಟುಂಬಗಳಿಂದಲೇ ಪಾಲು ಮಾಡುತ್ತಾ ಹೋಗುವುದು. ಹಳಬರು ನೆಚ್ಚಿದ್ದು ಇದನ್ನೇ. ಇಂದು ನಮ್ಮ ಕಡೆ ತುಡುವೆ ಪೆಟ್ಟಿಗೆ ಮತ್ತೆ ಕಾಣುತ್ತಿದ್ದರೆ ಅವರ ತಾಳ್ಮೆಯೇ ಕಾರಣ.

ಇದರಲ್ಲೂ ಒಂದು ತೊಡಕಿದೆ. ಜೇನು ಹೆಣ್ಣಾಗುವುದೋ ಗಂಡಾಗುವುದೋ ಎಂದು ನಿರ್ಧರಿಸುವ ಜೀನನ್ನು 2003ರಲ್ಲಿ ಬೈಯೆ ಎಂಬ ಜರ್ಮನ್ ವಿಜ್ಞಾನಿ ಮತ್ತು ಸಂಗಡಿಗರು ಗುರುತಿಸಿದರು. ಫಲಿತ ಮೊಟ್ಟೆಯಲ್ಲಿ ಆ ಜೀನಿನ ಎರಡು ಪ್ರತಿಗಳು ಬೇರೆ ಬೇರೆ ಬಗೆಯವಾದರೆ ಹೆಣ್ಣು. ಎರಡೂ ಒಂದೇ ಬಗೆಯದಾದರೆ ಯಾರಿಗೂ ಬೇಡದ ಗಂಡು. ಅಂಥ ಮರಿಯನ್ನು ಕೆಲಸಗಾರ ಜೇನುಗಳೇ ತಿಂದುಬಿಡುತ್ತವೆ. ಒಂದೇ ಊರಿನ ಕೆಲವೇ ಕುಟುಂಬಗಳನ್ನು ಮತ್ತೆ ಮತ್ತೆ ಪಾಲು ಮಾಡಿದರೆ ರಕ್ತಸಂಬಂಧ ಹತ್ತಿರವಾಗಿ ಎರಿಯ ನಡುವೆ ಅಲ್ಲಲ್ಲಿ ಖಾಲಿ ಕೋಣೆಗಳು ಕಾಣತೊಡಗುತ್ತವೆ. ಅದಕ್ಕೆ ದೂರದ ಊರಿನ ಕುಟುಂಬಗಳನ್ನು ತರಿಸಬೇಕು. ತರಿಸಿದ ಪೆಟ್ಟಿಗೆಯಲ್ಲಿ ವೈರಸ್ಸೂ ಬರಬಹುದು! ಅನುಭವಸ್ಥರು ಇದಕ್ಕೆ ಮಾಡುವುದು ಇಷ್ಟೆ: ಹೊರಗಿನಿಂದ ಬಂದ ಕುಟುಂಬವನ್ನು ತೋಟದ ಇನ್ನೊಂದು ತುದಿಯಲ್ಲಿ ದೂರವಿಟ್ಟು, ಎರಡು ಮೂರು ಪೀಳಿಗೆಯ ಮರಿಗಳು ಮೊಟ್ಟೆಯಿಂದ ಹುಳವಾಗಿ ಹಾರುವುದನ್ನು ನೋಡಿದ ಮೇಲೆಯೇ ಹಳೆಯ ಪೆಟ್ಟಿಗೆಗಳ ಹತ್ತಿರ ತರುತ್ತಾರೆ.