ಬೇಲಿಯೇ ಎದ್ದು ಹೊಲ ಮೇಯ್ದಾಗ

ಜೀವಕೋಶದಲ್ಲಿ ಪ್ರೋಟೀನು ತಯಾರಾಗಬೇಕಾದರೆ ಆರ್‌ಎನ್‌ಎ ಎಂಬ ಓಲೆ ಬರಬೇಕು. ಆ ಓಲೆಯನ್ನೇ ಹರಿದು ಚೂರುಮಾಡುವ ಕಿಣ್ವವೊಂದುಂಟು: ರೈಬೊನ್ಯೂಕ್ಲಿಯೇಸ್. ಕುದಿಸಿದರೂ ಸುಲಭಕ್ಕೆ ಕೆಡದ ಗಟ್ಟಿಪಿಂಡ. 1940ರಲ್ಲಿ ಅಮೆರಿಕದ ಕುನಿಟ್ಜ್ ದನದ ಮೇದೋಜೀರಕ ಗ್ರಂಥಿಯಿಂದ ಅದರ ಹರಳುಗಳನ್ನು ಪಡೆದರು. ಮುಂದೆ ಆನ್‌ಫಿನ್‌ಸೆನ್ ಯೂರಿಯಾ ಮತ್ತು ಮರ್ಕ್ಯಾಪ್ಟೊಎಥನಾಲ್ ಹಾಕಿ ಅದರ ಮಡಿಕೆಗಳನ್ನೆಲ್ಲ ಬಿಚ್ಚಿದರು. ಅವೆರಡನ್ನೂ ತೆಗೆದು ಗಾಳಿಗೆ ಬಿಟ್ಟರೆ, ಕಿಣ್ವ ತಾನಾಗಿಯೇ ಮತ್ತೆ ಮಡಿಚಿಕೊಂಡು ಕೆಲಸಕ್ಕೆ ನಿಂತಿತು! 1972ರ ರಸಾಯನಶಾಸ್ತ್ರದ ನೊಬೆಲ್ ಬಹುಮಾನದಲ್ಲಿ ಅವರಿಗೆ ಪಾಲು ಸಿಕ್ಕಿತು.

ಬಹುಮಾನ ತಂದ ಗುಣವೇ ಉಳಿದವರಿಗೆ ಕಾಟವಾಯಿತು. ಇನ್ಸುಲಿನ್ನಿನ ಓಲೆ ಇರುವುದೂ ಅದೇ ಗ್ರಂಥಿಯಲ್ಲಿ. ಗ್ರಂಥಿಯನ್ನು ಅರೆದ ಕೂಡಲೆ ಕಿಣ್ವ ಅದನ್ನು ನುಂಗತೊಡಗುತ್ತದೆ. ಕೈಗವಸು ತೊಟ್ಟು, ಮಂಜುಗಡ್ಡೆಯಲ್ಲಿಟ್ಟು ಎಷ್ಟು ಜೋಪಾನ ಮಾಡಿದರೇನು? ಕಳ್ಳ ಮನೆಯೊಳಗೇ ಇದ್ದಾನೆ.

1979ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋದ ಚರ್ಗ್ವಿನ್ ಮತ್ತು ಸಂಗಡಿಗರು ಇಲಿಯ ಗ್ರಂಥಿಯನ್ನು ಗ್ವಾನಿಡಿನಿಯಂ ಥಯೋಸಯನೇಟಿನ ಗಾಢ ದ್ರಾವಣದಲ್ಲೇ ಅರೆಯುವ ದಾರಿ ತೋರಿಸಿದರು. ಜೊತೆಗೆ ಆನ್‌ಫಿನ್‌ಸೆನ್ ಬಳಸಿದ್ದ ಅದೇ ಮರ್ಕ್ಯಾಪ್ಟೊಎಥನಾಲ್ (ಅದರ ದುರ್ನಾತ ಮೂಗಿದ್ದವರಿಗೇ ಗೊತ್ತು). ಕಿಣ್ವದ ಮಡಿಕೆ ಬಿಚ್ಚಿಹೋಯಿತು. ಅದು ಮತ್ತೆ ಮಡಿಚಿಕೊಳ್ಳುವಷ್ಟರಲ್ಲಿ ಅದರಿಂದ ಬೇರ್ಪಟ್ಟ ಆರ್‌ಎನ್‌ಎ ಇಡಿಯಾಗಿ ಕೈಗೆ ಬಂದಿತ್ತು.